ಸೋರಿಯಾಸಿಸ್ ಹತೋಟಿಗೆ ತರುವುದು ಹೇಗೆ: ಮೊದಲ ಮಚ್ಚೆಯಿಂದ ವರ್ಷಗಟ್ಟಲೆಯ ಆರೈಕೆವರೆಗೆ

ಸೋರಿಯಾಸಿಸ್ ಅಂತ ಗೊತ್ತಾದ ತಕ್ಷಣ ಎಲ್ಲರೂ ಕೇಳುವ ಪ್ರಶ್ನೆ ಒಂದೇ, ಇದು ಪೂರ್ತಿ ವಾಸಿಯಾಗುತ್ತದಾ? ಉತ್ತರ ಮೊದಲೇ ಹೇಳಿಬಿಡುತ್ತೇನೆ. ಬೇರು ಸಮೇತ ಕಿತ್ತುಹಾಕುವ ಔಷಧಿ ಇವತ್ತಿಗೂ ಯಾವ ಪದ್ಧತಿಯಲ್ಲೂ ಇಲ್ಲ. ಆದರೆ ಹತೋಟಿಗೆ ತರುವ ಔಷಧಿಗಳು ಬೇಕಾದಷ್ಟಿವೆ. ಬಿಪಿ, ಶುಗರ್ ಇದ್ದವರು ಅದನ್ನು ನೋಡಿಕೊಂಡು ಬದುಕುವ ಹಾಗೆ ಇದನ್ನೂ ನೋಡಿಕೊಳ್ಳಬಹುದು. ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ, ಮೈಮೇಲೆ ಒಂದು ಮಚ್ಚೆಯೂ ಇರುವುದಿಲ್ಲ.

ಕೆಲಸ ಕೆಡುವುದು ಬಿಟ್ಟು ಹಿಡಿಯುವುದರಿಂದ. ಒಂದು ತಿಂಗಳು ಒಬ್ಬರ ಔಷಧಿ, ಇನ್ನೊಂದು ತಿಂಗಳು ಇನ್ಯಾರೋ ಹೇಳಿದ ಲೇಹ್ಯ, ಮಧ್ಯೆ ಸ್ವಲ್ಪ ಕಮ್ಮಿಯಾಯಿತು ಅಂತ ಎಲ್ಲಾ ನಿಲ್ಲಿಸಿ ಕೂರುವುದು, ಮತ್ತೆ ಜಾಸ್ತಿಯಾದಾಗ ಗಾಬರಿಯಿಂದ ಹೊಸಬರ ಹತ್ತಿರ ಓಡುವುದು. ನಮ್ಮ ಮನೆಯಲ್ಲಿ ಅಪ್ಪನಿಗೆ ಇತ್ತು, ನನಗೂ ಇದೆ. ಡಾಕ್ಟರ ಹತ್ತಿರ ಏನು ಕೇಳಬೇಕು, ಮನೆಗೆ ಬಂದ ಮೇಲೆ ಏನು ಮಾಡಬೇಕು ಅನ್ನುವುದನ್ನು ಯಾರೂ ಬಿಡಿಸಿ ಹೇಳುವುದಿಲ್ಲವಲ್ಲ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೈಯೊಳಗೆ ನಡೆಯುತ್ತಿರುವುದು ಏನು?

ಚರ್ಮದ ಹೊಸ ಜೀವಕೋಶ ಕೆಳಗಿನ ಪದರದಲ್ಲಿ ಹುಟ್ಟಿ, ಮೇಲೆ ಬಂದು, ಉದುರಿಹೋಗಲಿಕ್ಕೆ ಸುಮಾರು ಒಂದು ತಿಂಗಳು ಬೇಕು. ಸೋರಿಯಾಸಿಸ್‌ನಲ್ಲಿ ಅದೇ ಕೆಲಸ ನಾಲ್ಕೈದು ದಿನದಲ್ಲಿ ಮುಗಿದುಹೋಗುತ್ತದೆ. ಉದುರಲು ಪುರುಸೊತ್ತಿಲ್ಲದೆ ಕೋಶಗಳು ಒಂದರ ಮೇಲೊಂದು ಕೂತು ಬೆಳ್ಳಗಿನ ಹೊಪ್ಪಳಿಕೆಯಾಗುತ್ತವೆ. ಇದಕ್ಕೆ ಕಾರಣ ನಮ್ಮದೇ ರೋಗನಿರೋಧಕ ಶಕ್ತಿ. ಅದು ಸುಮ್ನೆ ಚರ್ಮದ ಮೇಲೆ ತಿರುಗಿಬಿದ್ದು ಉರಿಯೂತ ಎಬ್ಬಿಸುತ್ತಿರುತ್ತದೆ.

ಅಂದಮೇಲೆ ಇದರಲ್ಲಿ ಹುಳುವಿಲ್ಲ, ಬ್ಯಾಕ್ಟೀರಿಯಾ ಇಲ್ಲ, ಫಂಗಸ್ ಇಲ್ಲ. ಮುಟ್ಟಿದರೆ, ಒಟ್ಟಿಗೆ ಉಂಡರೆ, ಒಂದೇ ಹಾಸಿಗೆಯಲ್ಲಿ ಮಲಗಿದರೆ, ಒಂದೇ ಟವೆಲ್ ಬಳಸಿದರೆ ಅಂಟುವುದೇ ಇಲ್ಲ. ರಕ್ತ ಕೆಟ್ಟಿದೆ ಅನ್ನುವುದೂ ಸುಳ್ಳು. ವಂಶದ ಪಾತ್ರ ಇದೆ ನಿಜ, ಆದರೆ ಅಪ್ಪನಿಗೋ ಅಮ್ಮನಿಗೋ ಇದ್ದರೆ ಮಕ್ಕಳಿಗೆ ಬಂದೇ ಬರುತ್ತದೆ ಅಂತಿಲ್ಲ, ಹೆಚ್ಚಿನ ಮಕ್ಕಳಿಗೆ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2016ರ ವರದಿ ಪ್ರಕಾರ ಪ್ರಪಂಚದಲ್ಲಿ ಕನಿಷ್ಠ 10 ಕೋಟಿ ಜನರಿಗೆ ಈ ಕಾಯಿಲೆ ಇದೆ. ಹಾಗಾಗಿ ನೀವು ಒಂಟಿಯಲ್ಲ.

ಹೆಜ್ಜೆ 1: ಇದು ಸೋರಿಯಾಸಿಸ್ಸೇ ಹೌದಾ ಅಂತ ಖಾತ್ರಿ ಮಾಡಿಕೊಳ್ಳಿ

ಮೊಣಕೈ, ಮೊಣಕಾಲು, ಸೊಂಟದ ಕೆಳಭಾಗ, ತಲೆ. ಸಾಮಾನ್ಯವಾಗಿ ಇಲ್ಲಿ ಶುರುವಾಗುತ್ತದೆ. ಅಂಚು ಗೆರೆ ಎಳೆದಷ್ಟು ಸ್ಪಷ್ಟ, ಮೇಲೆ ಬೆಳ್ಳಿ ಬಣ್ಣದ ಹೊಪ್ಪಳಿಕೆ. ಇಂಟರ್ನೆಟ್ಟಿನಲ್ಲಿ ನೋಡುವ ಫೋಟೋಗಳಲ್ಲಿ ಮಚ್ಚೆ ಕೆಂಪಗೆ ಇರುತ್ತದೆ, ಅವು ಬಿಳಿಯರ ಮೈಯ ಫೋಟೋಗಳು. ನಮ್ಮ ಕಂದು ಚರ್ಮದ ಮೇಲೆ ಅದೇ ಮಚ್ಚೆ ನೇರಳೆ, ಕಡುಕಂದು ಅಥವಾ ಬೂದು ಬಣ್ಣಕ್ಕೆ ಕಾಣಬಹುದು. ಕೆಂಪಗಿಲ್ಲ ಅಂತ ಸುಮ್ಮನಾಗಬೇಡಿ.

ಉಗುರನ್ನೂ ನೋಡಿಕೊಳ್ಳಿ. ಗುಂಡುಸೂಜಿಯಿಂದ ಚುಚ್ಚಿದಂಥ ಸಣ್ಣ ಸಣ್ಣ ಕುಳಿ, ಎಣ್ಣೆ ಬಿದ್ದ ಹಾಗೆ ಹಳದಿ ಕಲೆ, ಉಗುರು ಬುಡ ಬಿಟ್ಟು ಏಳುವುದು, ಇವೆಲ್ಲ ದೊಡ್ಡ ಸುಳಿವು. ಗಂಟಲು ನೋವು, ಜ್ವರ ಬಂದು ಎರಡು ಮೂರು ವಾರಕ್ಕೆ ಮೈತುಂಬಾ ಹನಿ ಹನಿಯಂಥ ಮಚ್ಚೆ ಎದ್ದರೆ ಅದೂ ಸೋರಿಯಾಸಿಸ್‌ನ ಒಂದು ಬಗೆ, ಮಕ್ಕಳಲ್ಲಿ, ಹರೆಯದವರಲ್ಲಿ ಜಾಸ್ತಿ. ಕಂಕುಳು, ತೊಡೆಸಂದು, ಸ್ತನದ ಕೆಳಗೆ ಬರುವ ಬಗೆಯಲ್ಲಿ ಹೊಪ್ಪಳಿಕೆಯೇ ಇರುವುದಿಲ್ಲ, ನುಣುಪಾಗಿ ಹೊಳೆಯುತ್ತದೆ. ಇದನ್ನು ಫಂಗಸ್ ಅಂದುಕೊಳ್ಳುವವರೇ ಜಾಸ್ತಿ.

ಇಲ್ಲೇ ಅಪಾಯ ಇರುವುದು. ಗಜಕರ್ಣ, ಇಸುಬು, ಸೋರಿಯಾಸಿಸ್ ಮೂರೂ ನೋಡಲಿಕ್ಕೆ ಒಂದೇ ಥರ ಕಂಡು, ಮೆಡಿಕಲ್ ಶಾಪಿಗೆ ಹೋಗಿ ತುರಿಕೆಗೆ ಏನಾದರೂ ಕೊಡಿ ಅಂದರೆ ಸಿಗುವ ಟ್ಯೂಬಿನಲ್ಲಿ ಬಹಳ ಸಲ ಫಂಗಸ್ ಔಷಧಿ, ಆ್ಯಂಟಿಬಯೋಟಿಕ್ ಜೊತೆಗೆ ಕ್ಲೋಬೆಟಾಸಾಲ್ ಅನ್ನುವ ಅತಿ ಕಡಕ್ ಸ್ಟೀರಾಯ್ಡ್ ಇರುತ್ತದೆ. ಹಚ್ಚಿದ ಎರಡು ಮೂರು ದಿನಕ್ಕೆ ಮಾಯ, ಬಿಟ್ಟ ವಾರಕ್ಕೆ ಮೊದಲಿಗಿಂತ ಜೋರಾಗಿ ವಾಪಸ್. ಫಂಗಸ್ ಆಗಿದ್ದರಂತೂ ಮೈತುಂಬ ಹರಡುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಅನ್ನುವ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿದೆ. ಆದರೂ ಕೈಗೆ ಸಿಗುತ್ತವೆ, ಅಲ್ವಾ? ಬೇಡ. ಒಂದು ಸಲ ಚರ್ಮದ ಡಾಕ್ಟರಿಗೆ ತೋರಿಸಿ. ಖಾಸಗಿ ಆಸ್ಪತ್ರೆಯ ಖರ್ಚು ಕಷ್ಟ ಅನ್ನುವವರಿಗೆ ಸರ್ಕಾರಿ ಮೆಡಿಕಲ್ ಕಾಲೇಜುಗಳ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗ ಇರುತ್ತದೆ. ಹೆಚ್ಚಿನ ಸಲ ಡಾಕ್ಟರು ಕಣ್ಣಿಂದ ನೋಡಿಯೇ ಹೇಳುತ್ತಾರೆ, ಅನುಮಾನ ಇದ್ದರೆ ಮಾತ್ರ ಒಂದು ಚೂರು ಚರ್ಮ ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಹೋಗುವ ಮುಂಚಿನ ದಿನಗಳಲ್ಲಿ ಕಂಡಕಂಡ ಮುಲಾಮು ಹಚ್ಚಿಕೊಂಡು ಹೋಗಬೇಡಿ, ರೂಪವೇ ಬದಲಾಗಿ ಅವರಿಗೂ ಗುರುತು ಸಿಗುವುದಿಲ್ಲ.

ಹೆಜ್ಜೆ 2: ಎಷ್ಟಿದೆ ಅಂತ ಅಳೆಯಿರಿ

ಬೆರಳೂ ಸೇರಿ ನಿಮ್ಮ ಒಂದು ಅಂಗೈ ಅಂದರೆ ನಿಮ್ಮ ಮೈಯ ಸುಮಾರು ನೂರರಲ್ಲಿ ಒಂದು ಪಾಲು. ಮಚ್ಚೆಗಳೆಲ್ಲ ಸೇರಿ ಎಷ್ಟು ಅಂಗೈ ಆಗುತ್ತವೆ ಲೆಕ್ಕ ಹಾಕಿ. ಮೂರಕ್ಕಿಂತ ಕಮ್ಮಿ ಇದ್ದರೆ ಸೌಮ್ಯ, ಹತ್ತಕ್ಕಿಂತ ಜಾಸ್ತಿ ಇದ್ದರೆ ತೀವ್ರ. ಆದರೆ ಅಂಗಾಲು, ಅಂಗೈ, ಮುಖ, ಗುಪ್ತಾಂಗದಲ್ಲಿ ಇದ್ದರೆ ಜಾಗ ಚಿಕ್ಕದಾದರೂ ಸೌಮ್ಯ ಅನ್ನಲಾಗದು. ಅಂಗಾಲು ಬಿರಿದು ನಡೆಯಲು ಆಗದವರಿಗೆ ಅದು ಎರಡೇ ಅಂಗೈ ಅಗಲ ಅಂದರೆ ಏನು ಸಮಾಧಾನ? ಇದನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಗುಪ್ತಾಂಗದಲ್ಲಿದ್ದರೂ ನಾಚದೆ ಹೇಳಿ, ಆ ಜಾಗಕ್ಕೆ ಬೇರೆಯದೇ ಮುಲಾಮು ಬೇಕು.

ಎರಡು ವಾರಕ್ಕೊಮ್ಮೆ ಒಂದೇ ಜಾಗದ, ಒಂದೇ ಬೆಳಕಿನಲ್ಲಿ ಫೋಟೋ ತೆಗೆದಿಡಿ. ದಿನಾ ಕನ್ನಡಿ ನೋಡುವವರಿಗೆ ಬದಲಾವಣೆ ಗೊತ್ತಾಗುವುದಿಲ್ಲ, ಫೋಟೋದಲ್ಲಿ ಗೊತ್ತಾಗುತ್ತದೆ.

ಹೆಜ್ಜೆ 3: ಸ್ನಾನ ಮತ್ತು ಜಿಡ್ಡು

ಕುದಿ ಕುದಿ ನೀರು ಬೇಡ. ಹಂಡೆ ನೀರು ಮೈಮೇಲೆ ಸುರಿದುಕೊಂಡಾಗ ತುರಿಕೆಗೆ ಹಾಯೆನಿಸುತ್ತದೆ ನಿಜ, ಅರ್ಧ ಗಂಟೆಗೆ ಚರ್ಮ ಒಣಗಿ ತುರಿಕೆ ದುಪ್ಪಟ್ಟಾಗುತ್ತದೆ. ಉಗುರುಬೆಚ್ಚಗಿನ ನೀರು, ಹತ್ತು ನಿಮಿಷದ ಒಳಗೆ ಸ್ನಾನ ಮುಗಿಸಿ. ಮೈ ಉಜ್ಜುವ ಕಲ್ಲು, ನಾರು, ಬ್ರಷ್ಷು ಹಾಕಿ ಹೊಪ್ಪಳಿಕೆ ಕೆರೆದು ತೆಗೆಯಲೇಬೇಡಿ. ಕೆರೆದ ಜಾಗದಲ್ಲಿ ರಕ್ತ ಜಿನುಗುತ್ತದೆ, ಅಷ್ಟೇ ಅಲ್ಲ, ಗಾಯವಾದ ಕಡೆಯೇ ಹೊಸ ಮಚ್ಚೆ ಏಳುವುದು ಈ ಕಾಯಿಲೆಯ ಗುಣ. ಇದನ್ನು 19ನೇ ಶತಮಾನದಲ್ಲೇ ಕೋಬ್ನರ್ ಅನ್ನುವ ಜರ್ಮನ್ ಡಾಕ್ಟರು ಗುರುತಿಸಿದ್ದರು. ಹಚ್ಚೆ, ಬಿಗಿಯಾದ ಲಾಡಿ, ಉಜ್ಜುವ ಚಪ್ಪಲಿ ಪಟ್ಟಿ, ಬಿಸಿಲಿಗೆ ಸುಟ್ಟ ಚರ್ಮ, ಎಲ್ಲದಕ್ಕೂ ಇದೇ ಮಾತು.

ಸ್ನಾನ ಆದ ಮೇಲೆ ಟವೆಲಿನಿಂದ ಒತ್ತಿ ಒರೆಸಿ. ಮೈ ಇನ್ನೂ ಸ್ವಲ್ಪ ಹಸಿಯಾಗಿರುವಾಗಲೇ, ಎರಡು ಮೂರು ನಿಮಿಷದೊಳಗೆ, ವ್ಯಾಸಲೀನ್ ಅಥವಾ ವಾಸನೆ ಇಲ್ಲದ ದಪ್ಪ ಮಾಯಿಶ್ಚರೈಸರ್ ಹಚ್ಚಿ. ಕೊಬ್ಬರಿ ಎಣ್ಣೆಯೂ ಆಗುತ್ತದೆ. ದುಬಾರಿ ಬಾಟಲಿಯೇ ಬೇಕು ಅಂತಿಲ್ಲ, ದಿನಾ ಎರಡು ಸಲ ಹಚ್ಚಲು ಕೈಗೆಟುಕುವಂಥದ್ದು ಬೇಕು. ಬಯಲುಸೀಮೆಯಲ್ಲಿ ಡಿಸೆಂಬರ್, ಜನವರಿಯ ಒಣಗಾಳಿ ಬೀಸುವಾಗ ಎರಡು ಸಲ ಸಾಲದು, ಮೂರು ನಾಲ್ಕು ಸಲ ಬೇಕಾಗುತ್ತದೆ. ಮಲೆನಾಡು, ಕರಾವಳಿಯವರಿಗೆ ಮಳೆಗಾಲದಲ್ಲಿ ಬೇರೆ ಕಷ್ಟ, ಬಿಸಿಲೇ ಇರುವುದಿಲ್ಲ, ಸಂದುಗಳಲ್ಲಿ ಒದ್ದೆ ನಿಂತು ಸೋರಿಯಾಸಿಸ್ ಮೇಲೆ ಫಂಗಸ್ಸೂ ಸೇರಿಕೊಳ್ಳುತ್ತದೆ. ಸಂದುಗಳನ್ನು ಒಣಗಿಸಿಕೊಳ್ಳಿ, ಅಲ್ಲಿ ಜಿಡ್ಡು ಮೆತ್ತಬೇಡಿ.

ಹೆಜ್ಜೆ 4: ಮುಲಾಮನ್ನು ಅಳತೆಯಲ್ಲಿ ಹಚ್ಚಿ

ಇದು ಬಹಳ ಜನ ತಪ್ಪುವ ಜಾಗ, ಸ್ವಲ್ಪ ನಿಧಾನವಾಗಿ ಓದಿ. ಟ್ಯೂಬಿನಿಂದ ಮುಲಾಮನ್ನು ನಿಮ್ಮ ತೋರುಬೆರಳಿನ ತುದಿಯಿಂದ ಮೊದಲ ಗೆರೆವರೆಗೆ ಒಂದು ಪಟ್ಟಿ ಬರುವಂತೆ ಹಿಂಡಿ. ಅದು ಸುಮಾರು ಅರ್ಧ ಗ್ರಾಂ. ಎರಡು ಅಂಗೈ ಅಗಲದ ಜಾಗಕ್ಕೆ ಅಷ್ಟು ಸಾಕು. ಮಚ್ಚೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಇಟ್ಟು ತೆಳ್ಳಗೆ ಹರಡಿ, ಸುತ್ತಲಿನ ಒಳ್ಳೆ ಚರ್ಮಕ್ಕೆ ಬೇಡ. ಕೈ ತೊಳೆದುಕೊಳ್ಳಿ, ಕಣ್ಣಿಗೆ ತಾಗಬಾರದು. ಮಾಯಿಶ್ಚರೈಸರಿಗೂ ಇದಕ್ಕೂ ಇಪ್ಪತ್ತು ಮೂವತ್ತು ನಿಮಿಷ ಅಂತರ ಇರಲಿ, ಇಲ್ಲದಿದ್ದರೆ ಮುಲಾಮು ಜಾರಿ ಬೇಡದ ಕಡೆ ಹೋಗುತ್ತದೆ.

ಸ್ಟೀರಾಯ್ಡ್ ಅಂದ ಕೂಡಲೇ ಹೆದರುವವರಿದ್ದಾರೆ, ಡಾಕ್ಟರು ಹೇಳಿದ ಬಲದ್ದನ್ನು ಹೇಳಿದಷ್ಟು ದಿನ ಹಚ್ಚಿದರೆ ಅದು ಒಳ್ಳೆಯ ಔಷಧಿಯೇ. ಕ್ಲೋಬೆಟಾಸಾಲ್‌ನಂಥ ಕಡಕ್ ಮುಲಾಮು ಸಾಮಾನ್ಯವಾಗಿ ಎರಡು ವಾರ, ವಾರಕ್ಕೆ 50 ಗ್ರಾಂ ಮೀರದಂತೆ. ಮುಖಕ್ಕೆ, ಸಂದಿಗೆ ಅದನ್ನು ಹಚ್ಚಲೇಬಾರದು. ತಿಂಗಳುಗಟ್ಟಲೆ ತಾವೇ ಹಚ್ಚುತ್ತಾ ಹೋದರೆ ಚರ್ಮ ತೆಳುವಾಗಿ, ನರ ಕಾಣಿಸಿ, ಗೆರೆ ಬೀಳುತ್ತದೆ, ಆ ಗೆರೆ ಹೋಗುವುದಿಲ್ಲ. ಜೊತೆಗೆ ಕ್ಯಾಲ್ಸಿಪೋಟ್ರಿಯಾಲ್ ಅನ್ನುವ ವಿಟಮಿನ್ ಡಿ ಬಗೆಯ ಮುಲಾಮು ಕೊಡುತ್ತಾರೆ. ಇದು ನಿಧಾನ, ಪರಿಣಾಮ ಕಾಣಲು ವಾರಗಳು ಬೇಕು. ಚರ್ಮ ತೆಳುವಾಗುವ ಭಯ ಇಲ್ಲದ್ದರಿಂದ ಮುಂದುವರಿಸಬಹುದು. ಆದರೆ ಇದೂ ವಾರಕ್ಕೆ 100 ಗ್ರಾಂ ಮೀರಬಾರದು. ಇದನ್ನು ಸ್ಯಾಲಿಸಿಲಿಕ್ ಆ್ಯಸಿಡ್ ಇರುವ ಮುಲಾಮಿನ ಜೊತೆ ಒಟ್ಟಿಗೆ ಹಚ್ಚಬೇಡಿ, ಇದರ ಶಕ್ತಿಯೇ ಹೋಗುತ್ತದೆ. ಮುಖ, ಸಂದಿಗೆ ಟ್ಯಾಕ್ರೋಲಿಮಸ್ ಬರೆಯುವುದುಂಟು, ಮೊದಲ ಕೆಲವು ದಿನ ಸ್ವಲ್ಪ ಉರಿಯುತ್ತದೆ, ಆಮೇಲೆ ಸರಿಹೋಗುತ್ತದೆ.

ಹೆಜ್ಜೆ 5: ತಲೆಯ ಸೋರಿಯಾಸಿಸ್

ತಲೆಹೊಟ್ಟು ಅಂದುಕೊಂಡು ಶ್ಯಾಂಪೂ ಬದಲಿಸುತ್ತಲೇ ವರ್ಷ ಕಳೆಯುವವರಿದ್ದಾರೆ. ಹೊಟ್ಟು ಜಿಡ್ಡಾಗಿ, ಹಳದಿಯಾಗಿ, ತಲೆತುಂಬ ಇರುತ್ತದೆ. ಇದು ದಪ್ಪ, ಒಣ, ಗಡಿ ಇರುವ ಬಿಲ್ಲೆಗಳು, ಹಣೆಯ ಕೂದಲಂಚು ದಾಟಿ, ಕಿವಿಯ ಹಿಂದಕ್ಕೂ ಬರುತ್ತದೆ.

ಇಲ್ಲಿ ಮೊದಲು ಹೊಪ್ಪಳಿಕೆ ಮೆತ್ತಗಾಗಬೇಕು, ಇಲ್ಲದಿದ್ದರೆ ಔಷಧಿ ಬುಡಕ್ಕೆ ಇಳಿಯುವುದೇ ಇಲ್ಲ. ರಾತ್ರಿ ಕೊಬ್ಬರಿ ಎಣ್ಣೆ ಅಥವಾ ಡಾಕ್ಟರು ಕೊಟ್ಟ ಸ್ಯಾಲಿಸಿಲಿಕ್ ಆ್ಯಸಿಡ್ ಲೋಷನ್ ಹಚ್ಚಿ, ಹಳೇ ಬಟ್ಟೆ ಸುತ್ತಿ ಮಲಗಿ. ಬೆಳಿಗ್ಗೆ ಕೋಲ್ ಟಾರ್ ಶ್ಯಾಂಪೂ ಹಾಕಿ ಐದರಿಂದ ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಕೂದಲು ಒಣಗಿದ ಮೇಲೆ ಬಾಚಣಿಗೆಯ ಹಿಡಿಯಿಂದ ಒಂದು ಬೈತಲೆ ತೆಗೆದು, ಲೋಷನ್ ಬಾಟಲಿಯ ಮೂತಿಯನ್ನು ನೇರ ಬುರುಡೆಗೆ ತಾಗಿಸಿ ಎರಡು ಹನಿ ಬಿಡಿ, ಬೆರಳಿನಿಂದ ಒತ್ತಿ. ಅರ್ಧ ಇಂಚು ಪಕ್ಕಕ್ಕೆ ಇನ್ನೊಂದು ಬೈತಲೆ, ಮತ್ತೆ ಎರಡು ಹನಿ. ಹಿಂಭಾಗಕ್ಕೆ ಮನೆಯವರ ಸಹಾಯ ತೆಗೆದುಕೊಳ್ಳಿ. ನಮ್ಮಮ್ಮ ಅಪ್ಪನಿಗೆ ಜಗಲಿಯ ಬೆಳಕಿನಲ್ಲಿ ಕೂರಿಸಿಕೊಂಡು ಹೀಗೇ ಹಚ್ಚುತ್ತಿದ್ದರು, ಇಬ್ಬರೂ ಮಾತಾಡುತ್ತಾ ಕೂತರೆ ಕೆಲಸ ಮುಗಿದದ್ದೇ ಗೊತ್ತಾಗುತ್ತಿರಲಿಲ್ಲ. ಕೂದಲು ಉದುರಿದರೆ ಗಾಬರಿ ಬೇಡ, ಬಿಲ್ಲೆ ಕಮ್ಮಿಯಾದ ಮೇಲೆ ಸಾಮಾನ್ಯವಾಗಿ ಮತ್ತೆ ಬರುತ್ತದೆ. ಬಾಚಣಿಗೆಯ ಹಲ್ಲಿನಿಂದ ಕಿತ್ತು ತೆಗೆಯಬೇಡಿ.

ಹೆಜ್ಜೆ 6: ಕೆರಳಿಸುವುದು ಯಾವುದು, ಪತ್ತೆ ಮಾಡಿ

ನಿದ್ದೆಗೆಡುವುದು, ಮನಸ್ಸಿನ ಒತ್ತಡ, ಗಂಟಲು ಸೋಂಕು, ಬೀಡಿ ಸಿಗರೇಟು, ಕುಡಿತ, ಬೊಜ್ಜು. ಇವಿಷ್ಟು ಎಲ್ಲರಿಗೂ ಗೊತ್ತಿರಬೇಕಾದವು. ಗೊತ್ತಿಲ್ಲದ್ದು ಔಷಧಿಗಳ ವಿಷಯ: ಬಿಪಿಗೆ, ಎದೆಬಡಿತಕ್ಕೆ, ತಲೆನೋವಿಗೆ ಕೊಡುವ ಪ್ರೊಪ್ರನೊಲಾಲ್‌ನಂಥ ಬೀಟಾ ಬ್ಲಾಕರ್, ಮನೋರೋಗಕ್ಕೆ ಕೊಡುವ ಲಿಥಿಯಂ, ಮಲೇರಿಯಾದ ಕ್ಲೋರೋಕ್ವಿನ್ ಬಗೆಯವು ಸೋರಿಯಾಸಿಸ್ ಕೆರಳಿಸಬಹುದು. ನೀವಾಗಿ ನಿಲ್ಲಿಸಬೇಡಿ, ಬರೆದ ಡಾಕ್ಟರಿಗೆ ನನಗೆ ಸೋರಿಯಾಸಿಸ್ ಇದೆ ಅಂತ ಹೇಳಿ, ಬದಲಿ ಇದ್ದರೆ ಅವರು ಕೊಡುತ್ತಾರೆ.

ಇನ್ನು ಪಥ್ಯ. ಬದನೆಕಾಯಿ ನಂಜು, ಒಣಮೀನು ನಂಜು, ಕೋಳಿ ಬೇಡ, ಮೊಸರು ಬೇಡ ಅಂತ ಮನೆಗೆ ಬಂದವರೆಲ್ಲ ಒಂದೊಂದು ಪಟ್ಟಿ ಕೊಡುತ್ತಾರೆ, ಕೊನೆಗೆ ತಟ್ಟೆಯಲ್ಲಿ ಗಂಜಿ ಬಿಟ್ಟರೆ ಏನೂ ಉಳಿಯುವುದಿಲ್ಲ. ಬದನೆಕಾಯಿ ಬಿಟ್ಟರೆ ಸೋರಿಯಾಸಿಸ್ ಹೋಗುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಆಧಾರ ಇರುವುದು ತೂಕ ಇಳಿಸುವುದಕ್ಕೆ. ಬೊಜ್ಜಿರುವವರು ತೂಕ ಕಮ್ಮಿ ಮಾಡಿಕೊಂಡರೆ ಮಚ್ಚೆಯೂ ಕಮ್ಮಿಯಾಗುತ್ತದೆ, ಔಷಧಿಯೂ ಚೆನ್ನಾಗಿ ಹಿಡಿಯುತ್ತದೆ. ಯಾವುದಾದರೂ ತಿಂದಾಗ ನಿಮಗೆ ಪ್ರತಿ ಸಲವೂ ಜಾಸ್ತಿಯಾಗುತ್ತದೆ ಅನ್ನಿಸಿದರೆ ಅದೊಂದನ್ನು ಕೆಲವು ವಾರ ಬಿಟ್ಟು ನೋಡಿ, ಮತ್ತೆ ತಿಂದು ನೋಡಿ. ಎಲ್ಲವನ್ನೂ ಒಟ್ಟಿಗೆ ಬಿಟ್ಟರೆ ಯಾವುದರಿಂದ ಅಂತ ತಿಳಿಯುವುದಿಲ್ಲ.

ಹೆಸರಿಲ್ಲದ ಪೊಟ್ಟಣದ ಪುಡಿ, ಲೇಬಲ್ ಇಲ್ಲದ ಮಾತ್ರೆ ಯಾರು ಕೊಟ್ಟರೂ ತಿನ್ನಬೇಡಿ. ಒಳಗೆ ಸ್ಟೀರಾಯ್ಡೋ, ಪಾದರಸವೋ ಇದ್ದರೆ ತಿಂದವರ ಲಿವರ್, ಕಿಡ್ನಿಗೇ ಕುತ್ತು.

ಹೆಜ್ಜೆ 7: ಮುಲಾಮಿನಿಂದ ಆಗದಿದ್ದರೆ

ಮುಂದಿನ ಮೆಟ್ಟಿಲು ಬೆಳಕಿನ ಚಿಕಿತ್ಸೆ. 311 ನ್ಯಾನೋಮೀಟರ್ ಅಲೆಯ ಯುವಿ ದೀಪಗಳಿರುವ ಪೆಟ್ಟಿಗೆಯೊಳಗೆ, ಕಣ್ಣಿಗೆ ಕನ್ನಡಕ ಹಾಕಿ, ಗಂಡಸರು ಗುಪ್ತಾಂಗ ಮುಚ್ಚಿಕೊಂಡು ನಿಲ್ಲಬೇಕು. ಮೊದಲು ಕೆಲವೇ ಸೆಕೆಂಡು, ಆಮೇಲೆ ಹೆಚ್ಚಿಸುತ್ತಾ ಹೋಗುತ್ತಾರೆ. ವಾರಕ್ಕೆ ಎರಡು ಮೂರು ಸಲ, ಎರಡು ಮೂರು ತಿಂಗಳು. ಗರ್ಭಿಣಿಯರಿಗೂ ಕೊಡುವಷ್ಟು ಸುರಕ್ಷಿತ. ಕಷ್ಟ ಒಂದೇ, ಆಸ್ಪತ್ರೆ ಹತ್ತಿರ ಇರಬೇಕು. ಸಾಧ್ಯವಾಗದವರು ಬೆಳಗಿನ ಎಳೆಬಿಸಿಲಿಗೆ ಹತ್ತು ಹದಿನೈದು ನಿಮಿಷ ಮಚ್ಚೆ ಒಡ್ಡಿದರೂ ಸ್ವಲ್ಪ ಅನುಕೂಲ, ಸುಡುವಷ್ಟು ಬೇಡ.

ಮಾತ್ರೆಗಳಲ್ಲಿ ಹಳೆಯದು, ಅಗ್ಗದ್ದು, ಚೆನ್ನಾಗಿ ಕೆಲಸ ಮಾಡುವುದು ಮೆಥೋಟ್ರೆಕ್ಸೇಟ್. ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ: ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ರಕ್ತಕಣಗಳು ಕುಸಿದು ಪ್ರಾಣಕ್ಕೇ ಅಪಾಯ. ವಾರವನ್ನು ಡಾಕ್ಟರ ಚೀಟಿಯ ಮೇಲೆ ಹೆಸರು ಹಾಕಿ ಬರೆಸಿಕೊಳ್ಳಿ, ಭಾನುವಾರ ಅಂದರೆ ಭಾನುವಾರವೇ. ಮನೆಯಲ್ಲಿ ವಯಸ್ಸಾದವರು ನುಂಗುತ್ತಿದ್ದರೆ ಆ ಮಾತ್ರೆಯನ್ನು ಬಿಪಿ, ಶುಗರ್ ಮಾತ್ರೆಗಳ ಡಬ್ಬಿಯಲ್ಲಿ ಇಡಬೇಡಿ. ಜೊತೆಗೆ ಕೊಡುವ ಫೋಲಿಕ್ ಆ್ಯಸಿಡ್ ಬೇರೆ ದಿನ. ಬಾಯಿಹುಣ್ಣು, ಜ್ವರ, ಒಣಕೆಮ್ಮು, ಉಸಿರುಗಟ್ಟುವುದು ಕಂಡರೆ ನಿಲ್ಲಿಸಿ ಕೂಡಲೇ ಡಾಕ್ಟರ ಹತ್ತಿರ ಹೋಗಿ. ರಕ್ತ, ಲಿವರ್, ಕಿಡ್ನಿ ಪರೀಕ್ಷೆ ತಪ್ಪಿಸಬೇಡಿ. ಕುಡಿತ ಬಂದ್. ಕೋಟ್ರೈಮಾಕ್ಸಜೋಲ್ ಅನ್ನುವ ಆ್ಯಂಟಿಬಯೋಟಿಕ್ ಇದರ ಜೊತೆ ಸೇರಿದರೆ ಬಹಳ ಅಪಾಯ, ಹಾಗಾಗಿ ಬೇರೆ ಯಾವ ಡಾಕ್ಟರ ಹತ್ತಿರ ಹೋದರೂ ಮೆಥೋಟ್ರೆಕ್ಸೇಟ್ ನುಂಗುತ್ತಿದ್ದೇನೆ ಅಂತ ಮೊದಲೇ ಹೇಳಿ. ಗರ್ಭಿಣಿಯರು ಇದನ್ನು ತೆಗೆದುಕೊಳ್ಳಲೇಬಾರದು, ಮಗು ಬೇಕು ಅಂದುಕೊಂಡವರು, ಗಂಡಾಗಲಿ ಹೆಣ್ಣಾಗಲಿ, ತಿಂಗಳುಗಳ ಮುಂಚೆಯೇ ಡಾಕ್ಟರಿಗೆ ಹೇಳಬೇಕು. ಅಸಿಟ್ರೆಟಿನ್ ಅನ್ನುವ ಇನ್ನೊಂದು ಮಾತ್ರೆ ಬಿಟ್ಟ ಮೇಲೂ ಮೂರು ವರ್ಷ ಹೆಂಗಸರು ಬಸಿರಾಗಬಾರದು. ಸೈಕ್ಲೋಸ್ಪೋರಿನ್‌ಗೆ ಬಿಪಿ, ಕಿಡ್ನಿ ನೋಡಿಕೊಳ್ಳಬೇಕು. ಅಪ್ರೆಮಿಲಾಸ್ಟ್‌ಗೆ ಶುರುವಿನಲ್ಲಿ ಭೇದಿ, ವಾಕರಿಕೆ ಬರಬಹುದು.

ಬಯೋಲಾಜಿಕ್ ಸೂಜಿಗಳು ಬಂದ ಮೇಲೆ ತೀವ್ರ ಸೋರಿಯಾಸಿಸ್‌ನವರ ಬದುಕೇ ಬದಲಾಗಿದೆ. ಉರಿಯೂತ ಎಬ್ಬಿಸುವ ಒಂದೊಂದು ಸಂದೇಶವನ್ನೇ ಗುರಿಯಿಟ್ಟು ತಡೆಯುತ್ತವೆ, ಸೆಕುಕಿನುಮಾಬ್ ಐಎಲ್-17 ಅನ್ನು, ಅಡಾಲಿಮುಮಾಬ್ ಟಿಎನ್ಎಫ್ ಅನ್ನು. ನಮ್ಮ ಬೆಂಗಳೂರಿನ ಬಯೋಕಾನ್ 2013ರಲ್ಲಿ ಇಟೊಲಿಝುಮಾಬ್ ಅನ್ನುವ ಬಯೋಲಾಜಿಕ್ಕನ್ನು ಸೋರಿಯಾಸಿಸ್‌ಗೆಂದೇ ಮಾರುಕಟ್ಟೆಗೆ ತಂದಿತು. ದುಬಾರಿ ನಿಜ, ಬಯೋಸಿಮಿಲರ್, ಅಂದರೆ ಅದನ್ನೇ ಹೋಲುವ ಹಾಗೆ ಬೇರೆ ಕಂಪನಿ ಮಾಡಿದ ಔಷಧಿ, ಇದೆಯಾ ಅಂತ ಕೇಳಿ. ನಮ್ಮ ದೇಶದಲ್ಲಿ ಟಿಬಿ ಜಾಸ್ತಿ ಇರುವುದರಿಂದ ಸೂಜಿ ಶುರು ಮಾಡುವ ಮುಂಚೆ ಎದೆಯ ಎಕ್ಸ್‌ರೇ, ಟಿಬಿ ಪರೀಕ್ಷೆ, ಹೆಪಟೈಟಿಸ್ ಪರೀಕ್ಷೆ ಮಾಡಿಸಲೇಬೇಕು.

ಹೆಜ್ಜೆ 8: ಕೀಲು, ಹೃದಯ, ಮನಸ್ಸು

ಸೋರಿಯಾಸಿಸ್ ಇರುವ ಮೂವರಲ್ಲಿ ಸುಮಾರು ಒಬ್ಬರಿಗೆ ಕೀಲುವಾತ ಬರಬಹುದು. ಬೆಳಿಗ್ಗೆ ಎದ್ದಾಗ ಅರ್ಧ ಗಂಟೆ ದಾಟಿದರೂ ಬೆರಳು ಮಡಚಲಾಗದಿರುವುದು, ಒಂದು ಬೆರಳು ಪೂರ್ತಿ ಊದಿಕೊಳ್ಳುವುದು, ಹಿಮ್ಮಡಿ ನೋವು, ಓಡಾಡಿದರೆ ಕಮ್ಮಿಯಾಗಿ ಮಲಗಿದರೆ ಜಾಸ್ತಿಯಾಗುವ ಸೊಂಟನೋವು, ಇವುಗಳಲ್ಲಿ ಯಾವುದಾದರೂ ಇದ್ದರೆ ವಯಸ್ಸಾಯಿತು ಅಂತ ಬಿಡಬೇಡಿ. ಕೆಟ್ಟ ಕೀಲು ಮತ್ತೆ ಸರಿಹೋಗುವುದಿಲ್ಲ, ಬೇಗ ರುಮಟಾಲಜಿ, ಅಂದರೆ ಕೀಲುವಾತದ, ಡಾಕ್ಟರಿಗೆ ತೋರಿಸಿ. ಉಗುರಲ್ಲಿ ಕಾಯಿಲೆ ಇರುವವರು ಇನ್ನೂ ಎಚ್ಚರ ಇರಬೇಕು. ವರ್ಷಕ್ಕೊಮ್ಮೆ ಬಿಪಿ, ಶುಗರ್, ಕೊಲೆಸ್ಟರಾಲ್ ನೋಡಿಸಿ, ಒಳಗಿನ ಉರಿಯೂತ ಹೃದಯಕ್ಕೂ ತಾಗುತ್ತದೆ.

ಮನಸ್ಸಿನ ಪಾಡು ಇವೆಲ್ಲಕ್ಕಿಂತ ಜಾಸ್ತಿ. ಕ್ಷೌರದಂಗಡಿಯಲ್ಲಿ ಬೇಡ ಅಂತ ವಾಪಸ್ ಕಳಿಸುವುದು, ಹೆಣ್ಣು ನೋಡಲು ಬಂದವರು ಕೈ ನೋಡಿ ಎದ್ದು ಹೋಗುವುದು, ಬಸ್ಸಿನಲ್ಲಿ ಪಕ್ಕದವರು ಸರಿದು ಕೂರುವುದು. ಯೂರೋಪಿನಲ್ಲಿ ಡಾಕ್ಟರುಗಳೇ ಇದನ್ನು ಕುಷ್ಠದ ಜೊತೆ ಸೇರಿಸುತ್ತಿದ್ದರು, 1841ರಲ್ಲಿ ವಿಯೆನ್ನಾದ ಹೆಬ್ರಾ ಎರಡೂ ಬೇರೆ ಅಂತ ಬಿಡಿಸಿದರು. ನಮ್ಮ ಊರುಗಳಲ್ಲಿ ಆ ಹೆದರಿಕೆ ಇನ್ನೂ ಹೋಗಿಲ್ಲ. ಕೇಳಿದವರಿಗೆ ಒಂದೇ ಸಾಲು ಹೇಳಿ: ಇದು ಅಂಟುವುದಿಲ್ಲ, ಔಷಧಿ ನಡೆಯುತ್ತಿದೆ. ನಾಗದೋಷ ಅಂತ ಹಿರಿಯರು ಕುಕ್ಕೆಗೆ ಹರಕೆ ಹೊತ್ತರೆ ಹೋಗಿ ಬನ್ನಿ, ಆ ನಂಬಿಕೆ ಅವರಿಗೆ ನೆಮ್ಮದಿ ಕೊಡುತ್ತದೆ, ಆದರೆ ಬ್ಯಾಗಿನಲ್ಲಿ ಮುಲಾಮು, ಮಾತ್ರೆ ಇರಲಿ. ಮದುವೆ ಮಾತುಕತೆಯಲ್ಲಿ ಮುಚ್ಚಿಡಬೇಡಿ, ಮುಂದೆ ದಿನಾ ಮುಚ್ಚಿಡುವ ಕಷ್ಟ ನಿಮಗೇ. ಮನಸ್ಸು ತೀರಾ ಕುಗ್ಗಿದರೆ, ಬದುಕು ಬೇಡ ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಯಾವಾಗ ಕೂಡಲೇ ಆಸ್ಪತ್ರೆಗೆ?

ಮೈಯೆಲ್ಲ ಕೆಂಪಾಗಿ ಸುಲಿದು, ಚಳಿ ನಡುಕ ಬಂದರೆ. ಜ್ವರದ ಜೊತೆ ಮೈತುಂಬ ಸಣ್ಣ ಕೀವುಗುಳ್ಳೆ ಎದ್ದರೆ. ಎರಡೂ ಜೀವಕ್ಕೆ ಅಪಾಯ, ಮಾರನೆಯ ದಿನಕ್ಕೆ ಮುಂದೂಡಬೇಡಿ. ಸ್ಟೀರಾಯ್ಡ್ ಮಾತ್ರೆ ಅಥವಾ ಸೂಜಿ ತೆಗೆದುಕೊಂಡು ಥಟ್ಟನೆ ನಿಲ್ಲಿಸಿದವರಿಗೆ ಹೀಗಾಗುವುದು ಹೆಚ್ಚು, ಡಾಕ್ಟರು ಸೋರಿಯಾಸಿಸ್‌ಗೆ ಸ್ಟೀರಾಯ್ಡ್ ಮಾತ್ರೆ ಕೊಡಲು ಹಿಂದೆಮುಂದೆ ನೋಡುವುದು ಇದಕ್ಕೇ.

ಹೆಜ್ಜೆ 9: ಚರ್ಮ ತಿಳಿಯಾದ ಮೇಲೆ

ಮಚ್ಚೆ ಹೋದ ಜಾಗದಲ್ಲಿ ಕಪ್ಪು ಅಥವಾ ಬೆಳ್ಳಗಿನ ಕಲೆ ಉಳಿಯುತ್ತದೆ. ಬೆಳ್ಳಗಿದ್ದರೆ ತೊನ್ನು ಅಂತ ಹೆದರುತ್ತಾರೆ, ಅಲ್ಲ, ತಿಂಗಳುಗಳಲ್ಲಿ ಚರ್ಮದ ಬಣ್ಣಕ್ಕೆ ಬರುತ್ತದೆ. ಕೈಯಾಡಿಸಿದಾಗ ನುಣುಪಾಗಿದ್ದರೆ, ಹೊಪ್ಪಳಿಕೆ ಇಲ್ಲದಿದ್ದರೆ ಅಲ್ಲಿ ಕಾಯಿಲೆ ತಣಿದಿದೆ ಅಂತ ಅರ್ಥ, ಬರೀ ಕಲೆಗೆ ಸ್ಟೀರಾಯ್ಡ್ ಹಚ್ಚುತ್ತಾ ಇರಬೇಡಿ.

ಮಾಯಿಶ್ಚರೈಸರ್ ಮಾತ್ರ ನಿಲ್ಲಿಸಬಾರದು. ಕೆಲವರಿಗೆ ಡಾಕ್ಟರು ಹಳೇ ಜಾಗಗಳಿಗೆ ವಾರದಲ್ಲಿ ಎರಡು ದಿನ, ಶನಿವಾರ ಭಾನುವಾರ ಅಂತಿಟ್ಟುಕೊಂಡು, ಮುಲಾಮು ಮುಂದುವರಿಸಲು ಹೇಳುತ್ತಾರೆ, ನಿಮಗೂ ಬೇಕಾ ಅಂತ ಕೇಳಿ. ಮಾತ್ರೆ, ಸೂಜಿ ತೆಗೆದುಕೊಳ್ಳುವವರು ತಾವಾಗಿ ನಿಲ್ಲಿಸದೆ, ಹೇಗೆ ಇಳಿಸಬೇಕು ಅಂತ ಕೇಳಿಕೊಂಡು ಇಳಿಸಿ. ಮತ್ತೆಲ್ಲಾದರೂ ಕಡಲೆಬೇಳೆಯಷ್ಟು ಮಚ್ಚೆ ಎದ್ದರೆ, ಅದು ಅಂಗೈಯಷ್ಟಾಗಲಿ ಅಂತ ಕಾಯಬೇಡಿ, ಡಾಕ್ಟರು ಆಗಲೇ ಹೇಳಿಕೊಟ್ಟ ಮುಲಾಮನ್ನು ಅಷ್ಟೇ ಜಾಗಕ್ಕೆ ಅವತ್ತೇ ಶುರು ಮಾಡಿ, ಎರಡು ವಾರಕ್ಕೆ ತಗ್ಗದಿದ್ದರೆ ಹಳೇ ಚೀಟಿ, ಫೋಟೋ ಎರಡೂ ಹಿಡಿದು ಅದೇ ಡಾಕ್ಟರ ಹತ್ತಿರ ಹೋಗಿ.